ಹಿರಿಯರ ಆರೋಗ್ಯಕ್ಕೆ ಕೊಡುವ ದುಡ್ಡು ಎಲ್ಲಿಗೆ ಹೋಗಬೇಕು?

(ಕೊಪ್ಪಳದಲ್ಲಿ ವ್ಯಾಪಾರಸ್ಥರು, ಅಕ್ಕಿ ಗಿರಣಿ ಮಾಲೀಕರು, ನಿವೃತ್ತ ನೌಕರರ ಮುಂದೆ ಆಡಿದ ಮಾತು. ನನ್ನ ಟಿಪ್ಪಣಿ ಮುಂದಿಟ್ಟುಕೊಂಡು ಬರೆದಿದ್ದೇನೆ.)

ಕೊಡುವುದು ಹೇಗೆ ಅಂತ ಕೊಪ್ಪಳ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಗವಿಮಠದ ಜಾತ್ರೆ ಹತ್ತಿರ ಬಂತು ಅಂದರೆ ಹಳ್ಳಿ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಕೂತು ಜೋಳದ ರೊಟ್ಟಿ ಬಡಿಯುತ್ತಾರೆ, ಟ್ರ್ಯಾಕ್ಟರ್ ತುಂಬಿಸಿ ದಾಸೋಹಕ್ಕೆ ಕಳಿಸುತ್ತಾರೆ. ರೊಟ್ಟಿಯ ಮೇಲೆ ಯಾರ ಹೆಸರೂ ಇರುವುದಿಲ್ಲ. ಇವತ್ತು ನಾನು ಕೇಳುವ ಪ್ರಶ್ನೆ ಒಂದೇ. ಹಾಗೆ ರೊಟ್ಟಿ ಬಡಿದ ತಾಯಿಗೆ ಎಪ್ಪತ್ತು ದಾಟಿ, ಮೊಣಕಾಲು ಹಿಡಿದು, ಹೊಸ್ತಿಲು ದಾಟುವುದೇ ಕಷ್ಟವಾದಾಗ ನಮ್ಮ ದಾನ ಅವಳ ಮನೆವರೆಗೆ ಹೋಗುತ್ತಾ?

ನಾನು ಕಂಡಂತೆ ಹೋಗುವುದಿಲ್ಲ. ಆಸ್ಪತ್ರೆಯ ಗೇಟಿನವರೆಗೆ ಬಂದು ನಿಂತುಬಿಡುತ್ತದೆ. ವಾರ್ಡಿಗೆ ಮಂಚ, ಅಂಗಳದಲ್ಲಿ ನೀರಿನ ಟ್ಯಾಂಕು, ಹುಟ್ಟುಹಬ್ಬದ ದಿನ ರೋಗಿಗಳಿಗೆ ಹಣ್ಣು, ಬ್ರೆಡ್ಡು. ಇದನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು, ದಾನಿಗಳು ಕೊಟ್ಟ ಮಂಚದ ಮೇಲೆ ಎಷ್ಟೋ ಜನರನ್ನು ಮಲಗಿಸಿ ಉಳಿಸಿಕೊಂಡಿದ್ದೇವೆ. ಆದರೆ ವಯಸ್ಸಾದವರ ಕಾಯಿಲೆಯ ಸ್ವಭಾವವೇ ಬೇರೆ. ಬಿಪಿ, ಶುಗರ್, ಮಂಡಿನೋವು, ಕಣ್ಣಿನ ಪೊರೆ, ಕಿವಿ ಮಂದ, ಮರೆವು. ಇವು ಒಮ್ಮೆ ಬಂದರೆ ಜೊತೆಗೇ ಉಳಿಯುತ್ತವೆ. ಅದಕ್ಕೆ ಆರೈಕೆ ತಿಂಗಳು ತಿಂಗಳೂ ಬೇಕು, ಮನೆಯಲ್ಲೇ ಬೇಕು. ಹಾಗಾಗಿ ಇವತ್ತು ನಾನು ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ: ಮನೆಗೆ ಹೋಗಿ ನೋಡುವ ಜನರ ಸಂಬಳಕ್ಕೆ ಕೊಡಿ, ಮತ್ತೆ ವರ್ಷಗಟ್ಟಲೆ ಕೊಡಿ.

ಇದನ್ನು ಯಾಕೆ ಹೇಳುತ್ತೇನೆ ಅನ್ನುವುದಕ್ಕೆ ನಮ್ಮ ಊರುಗಳ ಸ್ಥಿತಿ ಸ್ವಲ್ಪ ನೋಡೋಣ. 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗಿಂತ ಜಾಸ್ತಿ ಇದ್ದರು. 2017-18ರಲ್ಲಿ 'ಲಾಸಿ' ಅಂತ ಒಂದು ದೊಡ್ಡ ಸಮೀಕ್ಷೆ ನಡೆಯಿತು, ದೇಶದ ಉದ್ದಗಲಕ್ಕೆ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಅರವತ್ತು ದಾಟಿದ ನಾಲ್ವರಲ್ಲಿ ಮೂವರಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ ಇದೆ ಅಂತ ಅದರಲ್ಲಿ ಕಂಡಿತು. ಇದು ಇಡೀ ದೇಶದ ಮಾತು. ನಮ್ಮ ಕಡೆ ಇದರ ಮೇಲೆ ಇನ್ನೊಂದು ಸೇರುತ್ತದೆ, ಗುಳೆ. ಸುಗ್ಗಿ ಮುಗಿದರೆ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗ ಕಡೆಯ ಹಳ್ಳಿಗಳಿಂದ ದುಡಿಯುವವರು ಬೆಂಗಳೂರು, ಮಂಗಳೂರು, ಗೋವಾ ಅಂತ ಹೊರಟುಬಿಡುತ್ತಾರೆ. ಓಣಿಯಲ್ಲಿ ಉಳಿಯುವವರು ಯಾರು? ಮುದುಕರು, ಅವರ ಸುತ್ತ ಶಾಲೆಗೆ ಹೋಗುವ ಮೊಮ್ಮಕ್ಕಳು. ನೋಡಿಕೊಳ್ಳಬೇಕಾದ ವಯಸ್ಸಿನವರೇ ಇನ್ನೊಬ್ಬರನ್ನು ನೋಡಿಕೊಳ್ಳುತ್ತಾ ಇರುತ್ತಾರೆ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಸಂಧ್ಯಾ ಸುರಕ್ಷಾ ಇದೆ, 65 ದಾಟಿದ ಬಡವರಿಗೆ ತಿಂಗಳಿಗೆ 1200 ರೂಪಾಯಿ. 2010-11ರಿಂದ ಹಿರಿಯರ ಆರೋಗ್ಯಕ್ಕೇ ಅಂತ ಒಂದು ರಾಷ್ಟ್ರೀಯ ಕಾರ್ಯಕ್ರಮ ಇದೆ. ಅದರ ಪ್ರಕಾರ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ 10 ಹಾಸಿಗೆಯ ಬೇರೆ ವಾರ್ಡು ಇರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಅವರಿಗೇ ಅಂತ ತಪಾಸಣೆ ಇರಬೇಕು. ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಕೋಲು, ವಾಕರ್, ಕನ್ನಡಕ, ಹಲ್ಲಿನ ಸೆಟ್ಟು, ಕಿವಿ ಮಶೀನು ಉಚಿತ. 2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ವಿಸ್ತರಿಸಿತು. ಇದೆಲ್ಲ ದೊಡ್ಡ ಮಾತು. ಆದರೆ ಆಯುಷ್ಮಾನ್ ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದ ಮೇಲಿನ ಖರ್ಚಿಗೆ. ದಾಖಲಾಗುವವರೆಗೆ ಮತ್ತು ಮನೆಗೆ ಬಂದ ಮೇಲೆ? ಅಲ್ಲಿ ನೋಡುವವರು ಬಹಳ ಕಡಿಮೆ. ಆ ಎರಡು ಜಾಗದಲ್ಲೇ ದಾನಿಗಳ ಕೆಲಸ ಇರುವುದು.

2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಉಚಿತ ಆಯಿತು. ಒಳ್ಳೆಯದೇ ಆಯಿತು, ಎಷ್ಟೋ ಅಜ್ಜಿಯರು ಮಗನ ಹತ್ತಿರ ಕೈ ಚಾಚದೆ ಆಸ್ಪತ್ರೆಗೆ ಬರುವಂತಾಯಿತು. ಆದರೆ ಒಬ್ಬ ಅಜ್ಜಿಯನ್ನು ಯಾಕೆ ಎರಡು ತಿಂಗಳಿಂದ ಬಂದಿಲ್ಲ ಅಂತ ಕೇಳಿದೆ. "ಯಪ್ಪಾ, ಟಿಕೀಟ್ ಇಲ್ಲ ಖರೆ, ಮೆಟ್ಟಲಾ ಹತ್ತಾಕ ಆಗಬೇಕಲ್ಲ" ಅಂದರು. ಬಸ್ಸಿನ ಮೆಟ್ಟಿಲು ಎತ್ತರ, ಹಿಡಿದು ಹತ್ತಿಸುವವರು ಇಲ್ಲ. ಅವರ ಬಿಪಿ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ, ಬಸ್ಸೂ ಪುಕ್ಕಟೆ. ಆದರೂ ಎರಡು ತಿಂಗಳು ಮಾತ್ರೆ ಇಲ್ಲ. ಬಿಪಿ ಮಾತ್ರೆ ತಪ್ಪಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು, ಒಂದು ದಿನ ಬಾಯಿ ಸೊಟ್ಟಗಾಗಿ ಒಂದು ಕಡೆ ಕೈಕಾಲು ಬಿದ್ದುಹೋಗುತ್ತದೆ. ಆಮೇಲೆ ಲಕ್ಷಗಟ್ಟಲೆ ಖರ್ಚು ಮಾಡಿದರೂ ಮೊದಲಿನ ಹಾಗೆ ಆಗುವುದು ಕಷ್ಟ. ಆ ಮನೆಗೆ ತಿಂಗಳಿಗೊಮ್ಮೆ ಒಬ್ಬ ನರ್ಸಮ್ಮ ಸ್ಕೂಟರ್ ಮೇಲೆ ಹೋಗಿ, ಬಿಪಿ ನೋಡಿ, ಮಾತ್ರೆ ಕೊಟ್ಟು ಬಂದಿದ್ದರೆ ಸಾಕಿತ್ತು.

ನೀರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳಿವೆ. ಚಿಕ್ಕಂದಿನಿಂದ ಅದೇ ನೀರು ಕುಡಿದವರಿಗೆ ವಯಸ್ಸಾದ ಮೇಲೆ ಬೆನ್ನು, ಸೊಂಟ, ಮೊಣಕಾಲು ಬಿಗಿದುಕೊಳ್ಳುತ್ತವೆ. ನೋವು ತಡೆಯಲಾರದೆ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತಗೊಳ್ಳುತ್ತಾರೆ, ದಿನಾ ತಗೊಳ್ಳುತ್ತಾರೆ, ಅದು ಹೊಟ್ಟೆ ಸುಡುತ್ತದೆ, ಕಿಡ್ನಿ ಕೆಡಿಸುತ್ತದೆ, ಬಿಪಿ ಏರಿಸುತ್ತದೆ. ಶುದ್ಧ ನೀರಿನ ಘಟಕ ಊರಿಗೆ ಬಂದಿದೆ ಅಲ್ವಾ, ಅಲ್ಲಿಂದ ನೀರು ತರಬಹುದಲ್ಲ ಅಂತ ಕೇಳುತ್ತೀರಿ. ಘಟಕ ಇರುವುದು ಊರ ಒಂದು ತುದಿಯಲ್ಲಿ. ಒಂಟಿ ಮುದುಕಿ 20 ಲೀಟರ್ ಕ್ಯಾನು ಹೊತ್ತು ತರುವುದು ಹೇಗೆ? ಹತ್ತಿರದ ಬೋರಿನ ನೀರನ್ನೇ ಕುಡಿಯುತ್ತಾಳೆ. ಘಟಕ ಕಟ್ಟಿಸಿದ ದಾನಿಯ ಮನಸ್ಸು ದೊಡ್ಡದು, ನಾನು ಕೈ ಮುಗಿಯುತ್ತೇನೆ. ಆದರೆ ಊರಿನ ಒಬ್ಬ ಹುಡುಗನಿಗೆ ತಳ್ಳುಗಾಡಿ ಕೊಡಿಸಿ, ಒಂಟಿಯಾಗಿರುವ ಹಿರಿಯರ ಮನೆಗೆ ಕ್ಯಾನು ಮುಟ್ಟಿಸಲು ತಿಂಗಳಿಗೆ ಇಷ್ಟು ಅಂತ ಕೊಟ್ಟಿದ್ದರೆ ಆ ಘಟಕದ ದುಡ್ಡು ಪೂರ್ತಿ ಕೆಲಸಕ್ಕೆ ಬರುತ್ತಿತ್ತು.

ಬಿಸಿಲೂ ಹಾಗೆಯೇ. ರಾಯಚೂರು, ಬಳ್ಳಾರಿಯ ಏಪ್ರಿಲ್, ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕೆ? ಊರಿಗೆಲ್ಲ ಅರವಟ್ಟಿಗೆ ಇಡುತ್ತೀರಿ, ಅದು ದಾರಿಯಲ್ಲಿ ಹೋಗುವವರಿಗೆ. ತಗಡಿನ ಮನೆಯಲ್ಲಿ ಮಲಗಿದವರಿಗೆ? ವಯಸ್ಸಾದಂತೆ ಬಾಯಾರಿಕೆ ಅನ್ನುವುದೇ ಸರಿಯಾಗಿ ಗೊತ್ತಾಗುವುದಿಲ್ಲ. ಅದರ ಮೇಲೆ ಮೂತ್ರ ಹೋಗಿಸುವ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಮೈಯಲ್ಲಿ ನೀರು, ಉಪ್ಪು ಎರಡೂ ಇಳಿದು ತಲೆ ತಿರುಗಿ ಬೀಳುತ್ತಾರೆ. ಬಿದ್ದರೆ ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯುತ್ತದೆ. ಅದನ್ನು ಒಂದೆರಡು ದಿನದೊಳಗೆ ಆಪರೇಷನ್ ಮಾಡಿ ಎಬ್ಬಿಸಿ ನಡೆಸಬೇಕು, ತಡ ಆದಷ್ಟೂ ಜೀವಕ್ಕೆ ಅಪಾಯ. "ಬಿಡ್ರಿ, ವಯಸ್ಸಾಗೈತಿ, ಇನ್ನ ಯಾಕ ಕೊಯ್ಸೋದು" ಅಂತ ಮನೆಯವರು ಹಾಸಿಗೆಯಲ್ಲೇ ಬಿಟ್ಟುಬಿಡುವುದನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ. ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಅವರನ್ನು ತೆಗೆದುಕೊಂಡು ಹೋಗುವುದು ಮೂಳೆಯಲ್ಲ, ಆ ಮಲಗುವಿಕೆ.

ಈಗ ಬೇರೆ ಕಡೆ ದಾನದಿಂದ ಏನೇನು ಆಗಿದೆ ಅಂತ ಹೇಳುತ್ತೇನೆ. ಮೊದಲು ದೂರದ್ದು. ಅಮೆರಿಕದಲ್ಲಿ ಹಾರ್ಟ್‌ಫರ್ಡ್ ಅಂತ ಅಣ್ಣತಮ್ಮಂದಿರು ಇದ್ದರು, ಅವರದು ಕಿರಾಣಿ ವ್ಯಾಪಾರ. ನಮ್ಮ ಹಾಗೇ ಚಹಾಪುಡಿ, ಸಕ್ಕರೆ ಮಾರುವ ಅಂಗಡಿ, ಆದರೆ 1930ರ ಹೊತ್ತಿಗೆ ಅಂಥ ಅಂಗಡಿಗಳು 15 ಸಾವಿರ ದಾಟಿದ್ದವು. 1929ರಲ್ಲಿ ಜಾನ್ ಹಾರ್ಟ್‌ಫರ್ಡ್ ಒಂದು ಪ್ರತಿಷ್ಠಾನ ಕಟ್ಟಿದರು. 1980ರ ದಶಕದಿಂದ ಆ ಸಂಸ್ಥೆ ಹಿರಿಯರ ಆರೋಗ್ಯವನ್ನೇ ತನ್ನ ಕೆಲಸ ಮಾಡಿಕೊಂಡಿತು. ದುಡ್ಡು ಎಲ್ಲಿ ಹಾಕಿದರು ನೋಡಿ: ಮುಪ್ಪಿನ ಕಾಯಿಲೆ ಬಲ್ಲ ಡಾಕ್ಟರುಗಳನ್ನು, ನರ್ಸುಗಳನ್ನು ತಯಾರು ಮಾಡುವುದಕ್ಕೆ. ಕಲಿತ ಆ ಜನ ಬೇರೆಯವರಿಗೆ ಕಲಿಸಿದರು.

2017ರಲ್ಲಿ ಆ ಪ್ರತಿಷ್ಠಾನದವರೇ ಬೇರೆ ಸಂಸ್ಥೆಗಳ ಜೊತೆ ಸೇರಿ ಆಸ್ಪತ್ರೆಗಳಿಗೆ ಒಂದು ಸರಳ ದಾರಿ ಹಾಕಿಕೊಟ್ಟರು. ವಯಸ್ಸಾದ ಯಾರೇ ಬರಲಿ, ನಾಲ್ಕು ವಿಷಯ ನೋಡಲೇಬೇಕು. ಈ ಮನುಷ್ಯನಿಗೆ ಯಾವುದು ಮುಖ್ಯ, ಏನೇನು ಮಾತ್ರೆ ತಗೊಳ್ಳುತ್ತಿದ್ದಾರೆ, ಮನಸ್ಸು ಮತ್ತು ನೆನಪು ಹೇಗಿದೆ, ಎದ್ದು ನಡೆದಾಡುತ್ತಾರಾ. ಇಷ್ಟೇ. ಇದಕ್ಕೆ ಯಂತ್ರ ಬೇಕಾ? ಬೇಡ. ಕೇಳುವ ವ್ಯವಧಾನ ಬೇಕು, ಆ ವ್ಯವಧಾನಕ್ಕೆ ಒಬ್ಬ ಮನುಷ್ಯ ಬೇಕು.

ಮಾತ್ರೆಯ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿರಿಯರ ಮನೆಗೆ ಹೋದರೆ ಒಂದು ಪ್ಲಾಸ್ಟಿಕ್ ಚೀಲ ತಂದು ಸುರಿಯುತ್ತಾರೆ. ಸಿಂಧನೂರಿನ ಡಾಕ್ಟರು ಕೊಟ್ಟದ್ದು, ಗಂಗಾವತಿಯಲ್ಲಿ ಬರೆದದ್ದು, ಮಗ ಬೆಂಗಳೂರಿನಿಂದ ತಂದದ್ದು. ಎರಡು ಬೇರೆ ಹೆಸರಿನ ಚೀಟಿಯಲ್ಲಿ ಒಂದೇ ಬಿಪಿ ಮಾತ್ರೆ ಇರುತ್ತದೆ, ಎರಡನ್ನೂ ನುಂಗುತ್ತಿರುತ್ತಾರೆ. ನಿದ್ದೆ ಮಾತ್ರೆ ಒಂದು ಇರುತ್ತದೆ, ರಾತ್ರಿ ಹೊರಕಡೆಗೆ ಎದ್ದಾಗ ಬೀಳುವುದು ಅದರಿಂದ. ಆ ಚೀಲವನ್ನು ತೆರೆದು, ಕೂತು, ಯಾವುದು ಇರಲಿ, ಯಾವುದು ನಿಲ್ಲಿಸಬೇಕು ಅಂತ ಡಾಕ್ಟರನ್ನು ಕೇಳಿ ತಿಳಿದು ಹೇಳುವ ಒಬ್ಬರು ಬೇಕು. ಬೇಡದ ಮಾತ್ರೆ ನಿಲ್ಲಿಸುವುದೂ ಚಿಕಿತ್ಸೆಯೇ, ಖರ್ಚೂ ಉಳಿಯುತ್ತದೆ.

ಮನಸ್ಸಿನ ವಿಷಯವೂ ಅಷ್ಟೇ. ಅಜ್ಜ ಮಂಕಾಗಿ ಕೂತರೆ "ಅರಳು ಮರಳು" ಅಂತ ಸುಮ್ನೆ ಆಗಿಬಿಡುತ್ತೇವೆ. ಎಲ್ಲ ಮರೆವೂ ವಾಸಿಯಾಗದ ಮರೆವಲ್ಲ. ಬಿ12 ಕಡಿಮೆ ಆದರೂ, ಥೈರಾಯ್ಡ್ ಏರುಪೇರಾದರೂ, ಹೆಂಡತಿ ತೀರಿಕೊಂಡ ಕೊರಗಿನಲ್ಲೂ ಮನುಷ್ಯ ಹಾಗೇ ಕಾಣುತ್ತಾನೆ. ಅವಕ್ಕೆ ಔಷಧಿ ಇದೆ. ಕಿವಿ ಕೇಳದವರು ಮಾತು ಬಿಟ್ಟು ಮೂಲೆ ಸೇರುವುದನ್ನೂ ನಾವು ಮರೆವು ಅಂದುಕೊಳ್ಳುತ್ತೇವೆ.

ಹತ್ತಿರದ್ದು ಹೇಳುತ್ತೇನೆ, ತಮಿಳುನಾಡಿನ ಮಧುರೈ. ಡಾ. ಜಿ. ವೆಂಕಟಸ್ವಾಮಿ ಅವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಯ ಅರವಿಂದ ಕಣ್ಣಿನ ಆಸ್ಪತ್ರೆ ಶುರು ಮಾಡಿದರು. ಹಳ್ಳಿಗಳಲ್ಲಿ ಶಿಬಿರ ಮಾಡಿ ಪೊರೆ ಇದೆ, ಬನ್ನಿ, ಆಪರೇಷನ್ ಉಚಿತ ಅಂದರೆ ಬಹಳಷ್ಟು ಜನ ಬರಲೇ ಇಲ್ಲ. ಯಾಕೆ ಅಂತ ವಿಚಾರಿಸಿದರು. ಬಸ್ ಖರ್ಚು, ಊಟದ ಖರ್ಚು, ಜೊತೆಗೆ ಬರುವವರ ಕೂಲಿ ಹೋಗುತ್ತದೆ, ಒಬ್ಬರೇ ಹೋಗಲು ಹೆದರಿಕೆ. ಆಮೇಲೆ ಶಿಬಿರದ ದಿನವೇ ಬಸ್ಸಿನಲ್ಲಿ ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ, ಊಟ ಹಾಕಿ, ಆಪರೇಷನ್ ಮಾಡಿ ವಾಪಸ್ ಬಿಡುವುದು ಶುರುವಾಯಿತು. ಜನ ಬಂದರು. ಇದರಲ್ಲಿ ಊರಿನ ದಾನಿಗಳ ಪಾಲು ಏನು ಗೊತ್ತಾ? ಶಿಬಿರದ ಜಾಗ, ಪ್ರಚಾರ, ಊಟ, ವಾಹನ. ಆಪರೇಷನ್ ಆಸ್ಪತ್ರೆ ನೋಡಿಕೊಂಡಿತು. ಅಂದರೆ ದಾನಿಗಳು ತಮಗೆ ಬರುವ ಕೆಲಸವನ್ನು ತಾವು ಮಾಡಿದರು. ಬಸ್ ಹೊಂದಿಸುವುದು, ಅಡುಗೆ ಮಾಡಿಸುವುದು, ಡಂಗುರ ಸಾರುವುದು ನಮ್ಮ ಮಂದಿಗೆ ಜಾತ್ರೆಯಿಂದ ಬಂದ ವಿದ್ಯೆ. ಅದನ್ನೇ ಇಲ್ಲಿಗೆ ಹಾಕಿ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೇರಳದ್ದು. 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತೆ ಗೆಳೆಯರು ಸೇರಿ ನೋವು ಕಡಿಮೆ ಮಾಡುವ ಒಂದು ಸಣ್ಣ ಚಿಕಿತ್ಸಾಲಯ ತೆರೆದರು, ವಾಸಿಯಾಗದ ಕಾಯಿಲೆ ಇರುವವರಿಗೆ. ಆ ದಶಕದ ಕೊನೆಗೆ ಅದು ಊರೂರಿಗೆ ಹಬ್ಬಿತು. ಅಕ್ಕಪಕ್ಕದ ಜನರೇ ತರಬೇತಿ ತಗೊಂಡು, ವಾರದಲ್ಲಿ ಒಂದೆರಡು ತಾಸು ಹಾಸಿಗೆ ಹಿಡಿದವರ ಮನೆಗೆ ಹೋಗುವುದು. ಮೈ ಒರೆಸುವುದು, ಹುಣ್ಣು ತೊಳೆಯುವುದು, ಮಾತಾಡುವುದು, ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ಅಕ್ಕಿ ಕೊಡಿಸುವುದು. ದುಡ್ಡು ಬಂದದ್ದು ಅಂಗಡಿಯ ಡಬ್ಬಿಯಿಂದ, ಶಾಲೆ ಮಕ್ಕಳಿಂದ, ಕೂಲಿಯವರಿಂದ. ಸಣ್ಣ ಸಣ್ಣ ಮೊತ್ತ, ಆದರೆ ಬಿಡದೆ ಬಂತು. ಜನ ಮಾಡಿ ತೋರಿಸಿದ ಮೇಲೆ 2008ರಲ್ಲಿ ಕೇರಳ ಸರ್ಕಾರ ಇದಕ್ಕೆ ನೀತಿ ತಂದಿತು, ದೇಶದಲ್ಲೇ ಮೊದಲು. ಆಮೇಲೆ ಪಂಚಾಯ್ತಿಗಳೇ ನರ್ಸುಗಳನ್ನು ಇಟ್ಟುಕೊಂಡು ಮನೆಗೆ ಕಳಿಸತೊಡಗಿದವು. ದಾನದ ದುಡ್ಡು ಎಂದಿಗೂ ಸರ್ಕಾರದಷ್ಟು ಆಗುವುದಿಲ್ಲ. ಆದರೆ ಸರ್ಕಾರ ಧೈರ್ಯ ಮಾಡದ ಕಡೆ ಮೊದಲ ಹೆಜ್ಜೆ ಇಡುವುದಕ್ಕೆ ಅದು ಸಾಕು.

ಹಾಗಾದರೆ ಇಲ್ಲಿ ನಾವು ಏನು ಮಾಡೋಣ? ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ ತಗೊಳ್ಳಿ, ಇಡೀ ಜಿಲ್ಲೆ ಬೇಡ. ಅಲ್ಲಿಗೆ ಒಬ್ಬ ನರ್ಸು, ವಾರಕ್ಕೆ ಎರಡು ದಿನ ಒಬ್ಬ ಫಿಸಿಯೋಥೆರಪಿಸ್ಟು, ಪೆಟ್ರೋಲು. ಮೂರು ವರ್ಷದ ಸಂಬಳ ಮೊದಲೇ ಬ್ಯಾಂಕಿನಲ್ಲಿ ಇಟ್ಟು ಶುರು ಮಾಡಿ. ಆಂಬುಲೆನ್ಸ್ ಕೊಡಿಸಿ ಡ್ರೈವರ್ ಸಂಬಳ ಇಡದೆ ಹೋದರೆ ಟ್ರ್ಯಾಕ್ಟರ್ ಕೊಡಿಸಿ ಡೀಸೆಲ್ ಮರೆತ ಹಾಗೆ, ನಿಂತಲ್ಲೇ ತುಕ್ಕು ಹಿಡಿಯುತ್ತದೆ.

ಅದರ ಜೊತೆಗೆ ಒಂದು ಸಾಮಾನಿನ ಕೋಣೆ ಮಾಡಿ. ವಾಕರ್, ಗಾಲಿ ಕುರ್ಚಿ, ಕಮೋಡ್ ಕುರ್ಚಿ, ಬೆನ್ನು ಹುಣ್ಣಾಗದ ಹಾಗೆ ಏರ್ ಬೆಡ್. ಬೇಕಾದವರು ಒಯ್ಯಲಿ, ಮುಗಿದ ಮೇಲೆ ತಂದು ಕೊಡಲಿ, ತೊಳೆದು ಇನ್ನೊಬ್ಬರಿಗೆ ಕೊಡೋಣ. ಕಮೋಡ್ ಕುರ್ಚಿ ಅಂದರೆ ಸಣ್ಣದು ಅನ್ನಿಸಬಹುದು. ಕೂತು ಏಳಲಾರದ ಹೆಣ್ಣುಮಗಳು ರಾತ್ರಿ ಹೊರಗೆ ಹೋಗಬೇಕಾಗುತ್ತದೆ ಅನ್ನುವ ಭಯಕ್ಕೆ ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾಳೆ. ಯಾರಿಗೂ ಹೇಳಿಕೊಳ್ಳುವುದಿಲ್ಲ. ಬಚ್ಚಲಿಗೆ ಒಂದು ಹಿಡಿಕೆ, ಹಾಸಿಗೆಯಿಂದ ಬಾಗಿಲಿನವರೆಗೆ ಒಂದು ಸಣ್ಣ ದೀಪ, ಇವನ್ನು ನಿಮ್ಮೂರಿನ ಗೌಂಡಿ, ಎಲೆಕ್ಟ್ರಿಷಿಯನ್ ಒಂದು ದಿನದಲ್ಲಿ ಹತ್ತು ಮನೆಗೆ ಮಾಡಿಕೊಡಬಲ್ಲರು.

ಸೊಸೆಯರನ್ನೂ ಮರೆಯಬೇಡಿ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನಾವು ಡಾಕ್ಟರುಗಳು ಹೇಳಿ ಬರುತ್ತೇವೆ. ಹೊಲಕ್ಕೂ ಹೋಗಿ, ಅಡುಗೆಯನ್ನೂ ಮಾಡಿ, ರಾತ್ರಿಯೂ ಎದ್ದು ಯಾರು ಮಾಡುತ್ತಾರೆ? ತಿಂಗಳಲ್ಲಿ ಎರಡು ದಿನ ಬೇರೆ ಒಬ್ಬರು ಬಂದು ಕೂತರೆ ಆಕೆ ತವರಿಗೆ ಹೋಗಿ ಬರಬಹುದು. ಇದಕ್ಕೆ ದಾನ ಕೊಟ್ಟವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ. ನಿಮ್ಮಲ್ಲಿ ಒಬ್ಬರಾದರೂ ಮೊದಲನೆಯವರಾಗಿ.

ದೊಡ್ಡ ದುಡ್ಡಿನ ಬಗ್ಗೆ ಒಂದು ಮಾತು. 2014ರಿಂದ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಆ ಕಾನೂನಿನ ಪಟ್ಟಿಯಲ್ಲಿ ವೃದ್ಧಾಶ್ರಮ, ಹಿರಿಯರ ಹಗಲು ಆರೈಕೆ ಕೇಂದ್ರ ಅಂತ ಸ್ಪಷ್ಟವಾಗಿ ಇದೆ. ತೋರಣಗಲ್ಲು, ಸಂಡೂರು, ಕೊಪ್ಪಳದ ಸುತ್ತ ಕಾರ್ಖಾನೆ, ಗಣಿ ಎಷ್ಟಿವೆ! ಹಗಲು ಆರೈಕೆ ಕೇಂದ್ರ ಕೇಳಿ ಒಂದು ಅರ್ಜಿ ಒಯ್ದಿದ್ದೇವಾ? ಗಣಿ ಜಿಲ್ಲೆಗಳಲ್ಲಿ ಗಣಿಯವರು ಕಟ್ಟುವ ಖನಿಜ ಪ್ರತಿಷ್ಠಾನದ ದುಡ್ಡಿನಲ್ಲೂ ವೃದ್ಧರ ಕಲ್ಯಾಣ ಆದ್ಯತೆಯ ಪಟ್ಟಿಯಲ್ಲಿದೆ. ಅದು ದಾನ ಅಲ್ಲ, ಧೂಳು ಕುಡಿದ ಜನರ ಹಕ್ಕು. ಊರಿನ ಹಿರಿಯರೇ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು.

ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆ. ಒಬ್ಬರು ಕೇಳಿದರು, "ಮಕ್ಕಳು ಇದ್ದವರಿಗೆ ನಾವ್ಯಾಕ ಕೊಡಬೇಕ್ರೀ ಸರ್? ಅವರ ಜವಾಬ್ದಾರಿ ಅಲ್ಲೇನು?" ಜವಾಬ್ದಾರಿ ಹೌದು. 2007ರ ಕಾನೂನೂ ಅದನ್ನೇ ಹೇಳುತ್ತದೆ, ನೋಡಿಕೊಳ್ಳದ ಮಕ್ಕಳ ಮೇಲೆ ತಂದೆತಾಯಿ ಉಪವಿಭಾಗಾಧಿಕಾರಿಗಳ ಹತ್ತಿರ ದೂರು ಕೊಡಬಹುದು. 14567 ಅಂತ ಹಿರಿಯರ ಸಹಾಯವಾಣಿ ಇದೆ, ಆ ನಂಬರು ಎಲ್ಲರೂ ಬರೆದಿಟ್ಟುಕೊಳ್ಳಿ. ಆದರೆ ಗುಳೆ ಹೋದ ಮಗ ಅಪ್ಪನನ್ನು ಬಿಟ್ಟು ಓಡಿಹೋದವನಲ್ಲ, ಅಪ್ಪನ ಮಾತ್ರೆಗೂ ಸೇರಿಸಿ ದುಡಿಯಲು ಹೋದವನು. ಅವನು ಕಾಂಕ್ರೀಟು ಹೊರುವಾಗ ಇಲ್ಲಿ ಅಪ್ಪನ ಬಿಪಿ ನೋಡುವವರು ಒಬ್ಬರು ಇದ್ದರೆ ಮಗನ ಜವಾಬ್ದಾರಿಗೆ ಕೈ ಜೋಡಿಸಿದಂತೆ, ಅದನ್ನು ಕಿತ್ತುಕೊಂಡಂತೆ ಆಗುವುದಿಲ್ಲ.

ಇನ್ನೊಬ್ಬರು ಗಂಗಾವತಿ ಕಡೆಯ ಗಿರಣಿ ಮಾಲೀಕರು. ದುಡ್ಡು ಯಾರ ಕೈಗೆ ಕೊಡುವುದು, ಲೆಕ್ಕ ಯಾರು ಇಡುತ್ತಾರೆ ಅಂತ ಕೇಳಿದರು. ಕೇಳಬೇಕಾದ ಮಾತೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ, ಅದು ದಾನ ತಗೊಂಡು ರಸೀದಿ ಕೊಡಬಹುದು. ಇಲ್ಲವೇ ಐದಾರು ಜನ ಸೇರಿ ಟ್ರಸ್ಟ್ ಮಾಡಿಕೊಳ್ಳಿ, ಅದರಲ್ಲಿ ಇಬ್ಬರಾದರೂ ಅರವತ್ತು ದಾಟಿದ ಹೆಣ್ಣುಮಕ್ಕಳು ಇರಲಿ, ಏನು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಆರು ತಿಂಗಳಿಗೊಮ್ಮೆ ಲೆಕ್ಕವನ್ನು ಗುಡಿಯ ಗೋಡೆಗೆ ಹಚ್ಚಿ: ಎಷ್ಟು ದುಡ್ಡು ಬಂತು, ಎಷ್ಟು ಮನೆಗೆ ಹೋದೆವು, ಎಷ್ಟು ಜನರ ಬಿಪಿ ಹತೋಟಿಗೆ ಬಂತು. ಕಾಯಿಲೆಯವರ ಹೆಸರು ಮಾತ್ರ ಹಾಕಬೇಡಿ, ಫೋಟೋ ಬೇಡವೇ ಬೇಡ. ಯಾರ ಮನೆಯಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ನಾಳೆಯೇ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾವ ಓಣಿಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮನೆಯಲ್ಲಿ ಮಾತ್ರೆ ಮುಗಿದಿದೆ ಅನ್ನುವುದು ಆಕೆಗೆ ಬಾಯಿಪಾಠ.